ಪವರ್ ಸಪ್ಲೈ ಮುಟ್ಟಿದ್ರೆ ಜುಮ್ ಅಂತಿತ್ತು: ಲ್ಯಾಬಿನ ಅರ್ಥಿಂಗ್ ಸರಿ ಮಾಡಿದ ನನ್ನ ಅನುಭವ

ಕಾರವಾರದ ಒಂದು ಕಾಲೇಜಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡ್ಕೊಳ್ಳೋದು ನನ್ನ ಕೆಲಸ. ಕಿಟಕಿ ತೆಗೆದ್ರೆ ಸಮುದ್ರದ ಗಾಳಿ ಸೀದಾ ಮೇಜಿಗೇ ಬರ್ತದೆ. ಹೋದ ವರ್ಷ ಏಪ್ರಿಲ್‌ನಲ್ಲಿ ಒಬ್ಬ ಹುಡುಗ ಬಂದು "ಸರ್, ಈ ಪವರ್ ಸಪ್ಲೈ ಮುಟ್ಟಿದ್ರೆ ಜುಮ್ ಅಂತದೆ" ಅಂದ. ಸೆಕೆಗಾಲ, ಬೆವರಿದ ಕೈ, ಅಷ್ಟೇ ಅಂತ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ, ಮಲ್ಟಿಮೀಟರ್ ತಂದು ಸಪ್ಲೈದ ಬಾಡಿಗೂ ಸಾಕೆಟ್ಟಿನ ನ್ಯೂಟ್ರಲ್ಲಿಗೂ (ಕರೆಂಟು ವಾಪಸ್ ಹೋಗೋ ವೈರಿನ ತೂತು) ಹಿಡಿದ್ರೆ 104 ವೋಲ್ಟ್ ಎಸಿ. ನೀವೂ ಇಂಥ ದೂರು ಬಂದ್ರೆ ದಯವಿಟ್ಟು ಮುಟ್ಟಿ ನೋಡ್ಬೇಡಿ, ಮೀಟರ್ ಹಿಡೀರಿ.

ಈ ಜುಮ್ ಎಲ್ಲಿಂದ ಬರ್ತದೆ ಅಂದ್ರೆ, ಎಸ್‌ಎಂಪಿಎಸ್ (ಇಂಥ ಪವರ್ ಸಪ್ಲೈ) ಒಳಗೆ ಫೇಸಿಂದ, ಅಂದ್ರೆ ಕರೆಂಟು ಬರೋ ವೈರಿಂದ, ಬಾಡಿಗೊಂದು, ನ್ಯೂಟ್ರಲ್ಲಿಂದ ಬಾಡಿಗೊಂದು ಸಣ್ಣ ಕೆಪಾಸಿಟರ್ ಇರ್ತದೆ, ನಾಯ್ಸ್ ತಡೆಯೋದಕ್ಕೆ. ಅರ್ಥ್ (ಬಾಡಿಯನ್ನ ನೆಲಕ್ಕೆ ಸೇರಿಸೋ ವೈರ್) ಸರಿ ಇದ್ರೆ ಅದರಲ್ಲಿ ಸೋರೋ ಕರೆಂಟು ಸುಮ್ನೆ ನೆಲಕ್ಕೆ ಹೋಗ್ತದೆ, ಅರ್ಥ್ ಕಡಿದಿದ್ರೆ ಬಾಡಿ ಎರಡರ ಮಧ್ಯೆ ನೇತಾಡ್ತದೆ, 230ರ ಅರ್ಧದ ಆಸುಪಾಸಲ್ಲಿ. ಒಂದು ಸಪ್ಲೈದ ಸೋರಿಕೆ ಸಾಮಾನ್ಯವಾಗಿ ಒಂದು ಮಿಲಿಆಂಪಿಗಿಂತ ಕಮ್ಮಿ. ಆದ್ರೆ ನಮ್ಮಲ್ಲಿ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಎಂಟು ಉಪಕರಣ, ಗೋಡೆ ಸಾಕೆಟ್ಟಲ್ಲೇ ಅರ್ಥ್ ಹೋಗಿತ್ತು ಅಂದ್ಮೇಲೆ ಎಂಟರ ಸೋರಿಕೆಯೂ ಒಟ್ಟಾಗಿ ಮುಟ್ಟಿದವನ ಮೈಮೇಲೆ. ಅದಕ್ಕಿಂತ ಹೆದರಿಕೆ ಅಂದ್ರೆ ಎಂಟರ ಬಾಡಿಗೂ ಅರ್ಥ್ ಪಿನ್ನಲ್ಲೇ ಸಂಬಂಧ, ಒಂದರಲ್ಲಿ ಇನ್ಸುಲೇಶನ್ ಹೋಯ್ತು ಅಂದ್ರೆ ಎಂಟಕ್ಕೂ ಪೂರ್ತಿ ಫೇಸ್.

ಮೇನ್ ಆಫ್ ಮಾಡಿ, ಬೋರ್ಡಿಗೆ ಬೀಗ ಹಾಕಿ ಕೀಲಿ ಕಿಸೆಗೆ ಇಟ್ಕೊಂಡು, ಸಾಕೆಟ್ಟಲ್ಲಿ ಕರೆಂಟಿಲ್ಲ ಅಂತ ಮೀಟರಲ್ಲಿ ಖಾತ್ರಿ ಮಾಡ್ಕೊಂಡು, ನಮ್ಮ ಕಾಲೇಜಿನ ಲೈಸೆನ್ಸ್ ಇರೋ ವೈರ್‌ಮನ್ ಜೊತೆ ಸೇರಿ ಬಿಚ್ಚಿದ್ವಿ. ಅರ್ಥ್ ಟರ್ಮಿನಲ್ಲಿನ ಹಿತ್ತಾಳೆ ಸ್ಕ್ರೂ ಪೂರ್ತಿ ಹಸಿರು ಕಿಲುಬು. ತಾಮ್ರದ ಎಳೆಗಳು ಕಪ್ಪಾಗಿದ್ವು, ಸ್ಕ್ರೂಡ್ರೈವರ್ ತಾಗಿಸಿದ್ದಷ್ಟೇ, ಪುಡಿಯಾಗಿ ಬೆರಳಿಗೆ ಅಂಟ್ಕೊಂಡ್ವು. ಹೊರಗಿಂದ ನೋಡಿದ್ರೆ ಮೂರು ತೂತಿನ ಒಳ್ಳೆ ಸಾಕೆಟ್ಟೇ.

ಅಲ್ಲೇ ಇದ್ದ ಒಬ್ರು, ಸಾಕೆಟ್ ಒಳಗೇ ನ್ಯೂಟ್ರಲ್ಲಿಂದ ಅರ್ಥ್‌ಗೆ ಒಂದು ತುಂಡು ವೈರ್ ಕೊಟ್ಬಿಡಿ ಅಂದ್ರು. ಇದನ್ನ ಯಾರೂ ಮಾಡ್ಬೇಡಿ ಮಾರಾಯ್ರೆ. ಮಳೆಗಾಲದಲ್ಲಿ ಮರ ಬಿದ್ದು ನ್ಯೂಟ್ರಲ್ ಕಡಿಯೋದು ನಮ್ಮ ಜಿಲ್ಲೆಗೆ ಹೊಸದಲ್ಲ. ಆಗ ಫೇಸು ಉಪಕರಣದ ಒಳಗಿಂದ ಹಾದು ಆ ತುಂಡು ವೈರಲ್ಲಿ ಬಾಡಿಗೇ ಬಂದು ಕೂತ್ಕೊಳ್ತದೆ.

ಸಾಕೆಟ್ ಬದಲಿಸಿ, ಹೊಸ ವೈರಿಗೆ ಲಗ್ ಕ್ರಿಂಪ್ ಮಾಡಿ ಹಾಕಿದ್ವಿ. ಜುಮ್ ನಿಂತ್ತು, ಮೀಟರಲ್ಲಿ 2 ವೋಲ್ಟ್. ಮುಗೀತು ಅಂದ್ಕೊಂಡೆ. ವೈರ್‌ಮನ್ ಮಾತ್ರ "ಮಾಸ್ತರೇ, ಗೋಡೆ ತನಕ ಸರಿ ಆಯ್ತು, ನೆಲದ್ದು ನೋಡೋದು ಬೇಡ್ವಾ?" ಅಂದ್ರು. ಮರುದಿನ ಅರ್ಥ್ ಟೆಸ್ಟರ್ ತಂದು, ಅಂಗಳದಲ್ಲಿ ಎರಡು ಸಲಾಕೆ ಹೊಡೆದು ಅಳೆದ್ರೆ ಅರ್ಥ್ ಗುಂಡಿಯ (ಅರ್ಥ್ ವೈರ್ ಹೋಗಿ ನೆಲಕ್ಕೆ ಸೇರೋ ಜಾಗ) ರೆಸಿಸ್ಟೆನ್ಸ್ 62 ಓಮ್.

ಇದನ್ನ ಸ್ವಲ್ಪ ನಿಧಾನಕ್ಕೆ ಲೆಕ್ಕ ಹಾಕಿ. ಫೇಸ್ ಬಾಡಿಗೆ ತಾಗಿದ್ರೆ ನೆಲಕ್ಕೆ ಹರಿಯೋ ಕರೆಂಟು 230 ಭಾಗಿಸು 62, ಅಂದ್ರೆ ಸುಮಾರು 3.7 ಆಂಪಿಯರ್. ಲ್ಯಾಬಿನ ಎಂಸಿಬಿ (ಕರೆಂಟು ಜಾಸ್ತಿ ಹರಿದ್ರೆ ತಾನೇ ಬೀಳೋ ಸ್ವಿಚ್) 16 ಆಂಪಿನದ್ದು. ಅದಕ್ಕೆ ಇದು ಒಂದು ಇಸ್ತ್ರಿಪೆಟ್ಟಿಗೆ ಹಾಕಿದ ಹಾಗೆ, ಯಾವತ್ತೂ ಬೀಳಲ್ಲ, ಬಾಡಿ ಪೂರ್ತಿ ಜೀವಂತ ನಿಂತಿರ್ತದೆ. ಸಣ್ಣ ಸೋರಿಕೆಗೆ 62 ಓಮ್ ಸಾಕು, ಹಾಗಾಗಿ ಜುಮ್ ಅನ್ನಲ್ಲ, ನಿಜವಾದ ಫಾಲ್ಟ್ ಬಂದಾಗ ಮಾತ್ರ ಕೈ ಕೊಡ್ತದೆ. ಜುಮ್ ನಿಂತಿದ್ದೇ ನನ್ನನ್ನ ಮೋಸ ಮಾಡ್ತಿತ್ತು.

ನಮ್ಮದು ಚಿರೆಕಲ್ಲಿನ ನೆಲ. ಮಳೆಗಾಲದಲ್ಲಿ ಎಷ್ಟೇ ಸುರಿದ್ರೂ ನೀರು ಇಳಿದು ಹೋಗ್ತದೆ, ಏಪ್ರಿಲ್ ಮೇ ಹೊತ್ತಿಗೆ ಒಣಗಿ ಕರೆಂಟು ಹೋಗೋದಕ್ಕೆ ದಾರಿ ಕೊಡಲ್ಲ. ಹಳೇ ಗುಂಡಿಗೆ ಉಪ್ಪು ಇದ್ದಿಲು ತುಂಬಿದ್ರು, ಉಪ್ಪು ತೊಳೆದು ಹೋಗಿತ್ತು, ಪೈಪನ್ನೂ ತಿಂದಿತ್ತು. ಬಾವಿ ಕಡೆಯ ತಂಪು ಜಾಗದಲ್ಲಿ ಎರಡೂವರೆ ಮೀಟರಿನ ಎರಡು ಜಿಐ ಪೈಪು, ಮಧ್ಯೆ ಐದು ಮೀಟರ್ ಅಂತರ ಬಿಟ್ಟು, ಸುತ್ತ ಬೆಂಟೊನೈಟ್ (ತೇವ ಹಿಡಿದಿಡೋ ಜೇಡಿಮಣ್ಣು) ತುಂಬಿ, ಎರಡನ್ನೂ ಸೇರಿಸಿ ಪಟ್ಟಿ ಎಳೆಸಿದ್ವಿ. 7 ಓಮ್‌ಗೆ ಇಳೀತು.

7 ಆದ್ರೂ ಎಂಸಿಬಿಯನ್ನ ನಂಬಿ ಕೂರೋ ಹಾಗಿಲ್ಲ, 230 ಭಾಗಿಸು 7 ಅಂದ್ರೆ 33 ಆಂಪು, ಅಷ್ಟಕ್ಕೆ ಅದು ತಕ್ಷಣ ಬೀಳೋ ಗ್ಯಾರಂಟಿ ಇಲ್ಲ. ಹಾಗಾಗಿ 30 ಮಿಲಿಆಂಪಿನ ಆರ್‌ಸಿಸಿಬಿ (ನೆಲಕ್ಕೆ ಕರೆಂಟು ಸೋರಿದ್ರೆ ಲೈನ್ ಕಡಿಯೋ ಸ್ವಿಚ್) ಹಾಕಿಸ್ದೆ. ಒಂದೇ ಹಾಕಿದ್ರೆ ಅಷ್ಟೂ ಎಸ್‌ಎಂಪಿಎಸ್ ಸೋರಿಕೆ ಸೇರಿ ಸುಮ್ಸುಮ್ನೆ ಬೀಳ್ತದೆ (15 ಮಿಲಿಆಂಪ್ ದಾಟಿದ್ಮೇಲೆ ಯಾವಾಗ ಬೇಕಾದ್ರೂ ಬೀಳಬಹುದು), ಅದಕ್ಕೆ ಎರಡು ಸಾಲು ಮೇಜಿಗೆ ಎರಡು ಬೇರೆ ಬೇರೆ.

ಇನ್ನೊಂದು, ಅಮೆರಿಕದಿಂದ ಬಂದ ಹಳೇ ಉಪಕರಣದ ಪ್ಲಗ್ ಕತ್ತರಿಸಿ ನಮ್ಮ ಪ್ಲಗ್ ಹಾಕೋವಾಗ ಬಣ್ಣ ನೋಡಿ ಮೋಸ ಹೋಗ್ಬೇಡಿ. ನಮ್ಮ ಹಳೇ ವೈರಿಂಗಲ್ಲಿ ಕಪ್ಪು ಅಂದ್ರೆ ನ್ಯೂಟ್ರಲ್, ಅವರ ಕಾರ್ಡಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ತಿರುಗಾಮುರುಗಾ ಆದ್ರೂ ಮಷಿನ್ ಓಡ್ತದೆ, ಆದ್ರೆ ಸ್ವಿಚ್ಚು ಫೇಸ್ ಬದಲು ನ್ಯೂಟ್ರಲ್ ಕಡಿಯೋದ್ರಿಂದ, ಆಫ್ ಮಾಡಿ ಮುಚ್ಚಳ ತೆಗೆದವನಿಗೆ ಒಳಗೆ ಫೇಸ್ ಕಾದಿರ್ತದೆ. ನಾನು ಕಂಟಿನ್ಯೂಟಿ (ಯಾವ ವೈರ್ ಎಲ್ಲಿಗೆ ಹೋಗ್ತದೆ ಅಂತ ಮೀಟರಲ್ಲಿ) ನೋಡದೆ ಸ್ಕ್ರೂ ಬಿಗಿಯೋದಿಲ್ಲ, ಉಪಕರಣದ ಹಿಂಭಾಗದ 115/230 ವೋಲ್ಟ್ ಆರಿಸೋ ಸ್ವಿಚ್ಚೂ ನೋಡ್ತೇನೆ.

ಈಗ ಪ್ರತಿ ತಿಂಗಳು ಆರ್‌ಸಿಸಿಬಿ ಟೆಸ್ಟ್ ಬಟನ್ ಒತ್ತಿ, ತಾರೀಕು ಬೋರ್ಡ್ ಪಕ್ಕದ ಹಾಳೆಯಲ್ಲಿ ಬರೀತೇವೆ. ಅರ್ಥ್ ರೀಡಿಂಗ್ ಮಾತ್ರ ನೆಲ ಒಣಗಿರೋ ಏಪ್ರಿಲ್ಲಲ್ಲೇ. ಜುಲೈನಲ್ಲಿ ಅಳೆದ್ರೆ 4 ಬಂತು, ಅದನ್ನ ನಾನು ಹಾಳೆಗೆ ಏರಿಸಲೇ ಇಲ್ಲ. ಈ ಏಪ್ರಿಲ್‌ದು 7.5.