ಚಳಿಗೆ ಜೀಪು ಏಳ್ತಿಲ್ವಾ? ಮೊದಲು ಹೊಗೆ ನೋಡಿ

ಡಿಸೆಂಬರ್ ಬಂತೆಂದರೆ ಶಿರಸಿ ಕಡೆ ಬೆಳಿಗ್ಗೆ ಆರೂವರೆಗೆ ಈ ಸದ್ದು ಕೇಳುತ್ತದೆ. ಅಡಿಕೆ ಕೊಯ್ಲಿಗೆ ಆಳು ಕರೆತರಲು ಹೊರಟ ಹಳೇ ಡೀಸೆಲ್ ಜೀಪಿನ ಸೆಲ್ಫ್ ಸದ್ದು. ಕರ್ರ್, ಕರ್ರ್, ಕೊನೆಗೆ ಟಕ್. ಹಿಂದಿನ ದಿನ ಕುಮಟಾದಲ್ಲಿ ಒಂದೇ ಸಲಕ್ಕೆ ಎದ್ದ ಗಾಡಿ ದೇವಿಮನೆ ಘಟ್ಟ ಹತ್ತಿದ ಮೇಲೆ ಮುನಿಸಿಕೊಂಡಿದೆ. ಮಾಲೀಕ ಸ್ಪ್ಯಾನರ್ ಹಿಡಿದು ನೇರವಾಗಿ, ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಇಂಜೆಕ್ಷನ್ ಪಂಪಿಗೇ ಕೈ ಹಾಕುತ್ತಾನೆ. ಅಲ್ಲೇ ಕೆಡುವುದು. ಮಿಲಿಮೀಟರಿನ ಸಾವಿರದ ಒಂದು ಪಾಲು, ಅಂದರೆ ಮೈಕ್ರಾನ್ ಲೆಕ್ಕದಲ್ಲಿ ಕೂಡಿಸಿದ ಅದರೊಳಗಿನ ಪ್ಲಂಜರ್ (ಡೀಸೆಲ್ ಒತ್ತುವ ಕಡ್ಡಿ) ಅಂಗಳದಲ್ಲಿ ಬಿಚ್ಚುವ ವಸ್ತುವಲ್ಲ.

ಹಂತ 1: ಬ್ಯಾಟರಿ. ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಇಳಿಯಬಾರದು. ಕಾರವಾರದಲ್ಲಿ ಚಳಿ ಇಲ್ಲ, ಆದರೆ ಉಪ್ಪುಗಾಳಿ ಅರ್ತ್ ವೈರಿನ (ಬ್ಯಾಟರಿಯ ಮೈನಸ್‌ನಿಂದ ಗಾಡಿಯ ಮೈಗೆ ಹೋಗುವ ವೈರು) ತುದಿ ತಿಂದಿರುತ್ತದೆ. ಬಿಚ್ಚಿ ಉಜ್ಜಿ.

ಹಂತ 2: ಒಬ್ಬರು ಸೆಲ್ಫ್ ಹೊಡೆಯಲಿ, ನೀವು ಸೈಲೆನ್ಸರ್ ಹಿಂದೆ ನಿಲ್ಲಿ. ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಅಂದರೆ ಬಿಸಿ ಸಾಲದು. ಹೊಗೆಯೇ ಇಲ್ಲವೆಂದರೆ ಡೀಸೆಲ್ ಬರುತ್ತಿಲ್ಲ.

ಹಂತ 3: ಬಿಳಿ ಹೊಗೆಯಾದರೆ ಹೀಟರ್ ಪ್ಲಗ್ ನೋಡಿ, ಸಿಲಿಂಡರಿಗೊಂದರಂತೆ ನಾಲ್ಕಿರುತ್ತವೆ. ಜನ ಎಡವುವುದು ಇಲ್ಲೇ. ಪೂಜೋ ಎಂಜಿನ್ನಿನ ಮಹೀಂದ್ರ ಜೀಪು, ಓಎಂ 616 ಎಂಜಿನ್ನಿನ ಹಳೇ ಟ್ರ್ಯಾಕ್ಸ್, ಇವುಗಳಲ್ಲಿ ಡೀಸೆಲ್ ಮೊದಲು ಒಂದು ಪುಟ್ಟ ಕೋಣೆಗೆ ಬೀಳುತ್ತದೆ. ಡೀಸೆಲ್ ಉರಿಯುವುದು ಒತ್ತಿದ ಗಾಳಿಯ ಬಿಸಿಗೆ, ತಣ್ಣಗಿನ ಕಬ್ಬಿಣ ಆ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಆ ಕೊರತೆ ತುಂಬುವುದೇ ಪ್ಲಗ್. ಡ್ಯಾಶ್‌ಬೋರ್ಡಿನ ದೀಪ ಹತ್ತಿತು ಅಂದ ಮಾತ್ರಕ್ಕೆ ನಾಲ್ಕೂ ಸರಿ ಇವೆ ಅಂತಲ್ಲ. ನಮ್ಮ ಜೀಪಿನಲ್ಲಿ ದೀಪ ಚೆನ್ನಾಗಿಯೇ ಹತ್ತುತ್ತಿತ್ತು, ಮೂರು ಪ್ಲಗ್ ಸತ್ತಿದ್ದವು.

ಪರೀಕ್ಷೆಗೆ ಒಂದು 12 ವೋಲ್ಟ್ ಬಲ್ಬು ಸಾಕು. ಪ್ಲಗ್‌ಗಳನ್ನು ಕೂಡಿಸುವ ಪಟ್ಟಿಯನ್ನು ಪೂರ್ತಿ ಬಿಚ್ಚಿ. ಇದನ್ನು ಬಿಚ್ಚದೆ ನೋಡಿದರೆ ಒಂದು ಒಳ್ಳೆಯ ಪ್ಲಗ್ ಉಳಿದ ಮೂರರ ಸಾವನ್ನು ಮುಚ್ಚಿಡುತ್ತದೆ. ಬಲ್ಬಿನ ಒಂದು ವೈರು ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಪ್ಲಗ್ಗಿನ ತಲೆಗೆ. ಹತ್ತಿತೇ, ಸರಿ. ಹತ್ತಲಿಲ್ಲವೇ, ಬದಲಿಸಿ. ನಾಲ್ಕೂ ಸರಿ ಇದ್ದರೆ ಪಟ್ಟಿಗೆ ಕರೆಂಟು ಬರುತ್ತಿದೆಯಾ ನೋಡಿ, ಪ್ಲಗ್‌ಗಳಿಗೆ ಕರೆಂಟು ಬಿಡುವ ಸ್ವಿಚ್ಚು, ಅಂದರೆ ರಿಲೇ ಹೋಗಿರಬಹುದು. ಇನ್ನೂ ಹಳೆಯ ಸುರುಳಿ ಪ್ಲಗ್‌ಗಳಾದರೆ ಒಂದರ ಹಿಂದೊಂದು ಜೋಡಿಸಿರುತ್ತಾರೆ. ಒಂದು ಸತ್ತರೆ ಎಲ್ಲವೂ ತಣ್ಣಗೆ. ಬದಲಿಸುವಾಗ ನಾಲ್ಕನ್ನೂ ಒಂದೇ ಕಂಪನಿಯದು ಹಾಕಿ. ಪೆಟ್ಟಿಗೆ ಮೇಲೆ ಹೆಸರಿಲ್ಲದ ಅಗ್ಗದ ಪ್ಲಗ್ ನನಗೆ ಒಂದೇ ಚಳಿಗಾಲ ಬಂತು, ತುದಿ ಊದಿಕೊಂಡು ತೆಗೆಯಲೂ ಬರಲಿಲ್ಲ.

ಅಂದಹಾಗೆ, ಡೀಸೆಲ್ ಗಟ್ಟಿಯಾಗಿದೆ ಅಂತ ಬಾಟಲಿ ಮದ್ದು ಮಾರುವವರನ್ನು ನಂಬಬೇಡಿ. ಶಿರಸಿ ಚಳಿಗೆ ಗಟ್ಟಿಯಾಗುವುದು ಕೊಬ್ಬರಿ ಎಣ್ಣೆ, ಡೀಸೆಲ್ ಅಲ್ಲ. ಸೀಮೆಎಣ್ಣೆ ಬೆರೆಸಿದರೆ ಪಂಪಿಗೆ ಜಿಡ್ಡು ಸಾಲದೆ ಸವೆಯುತ್ತದೆ. ಸ್ಟಾರ್ಟಿಂಗ್ ಸ್ಪ್ರೇಯಂತೂ ಬೇಡವೇ ಬೇಡ. ಪ್ಲಗ್ ಕೆಂಪಗಿರುವಾಗ ಸ್ಪ್ರೇಯಲ್ಲಿರುವ ಈಥರ್ ಒಳಹೊಕ್ಕರೆ ಪಿಸ್ಟನ್ನೇ ಒಡೆಯಬಹುದು.

ಹಂತ 4: ಹೊಗೆ ಇಲ್ಲವೆಂದರೆ ಹೆಚ್ಚಿನ ಸಲ ಲೈನು ಏರ್ ಹಿಡಿದಿರುತ್ತದೆ, ಅಂದರೆ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿರುತ್ತದೆ. ರಾತ್ರಿಯಿಡೀ ಎಲ್ಲೋ ಗಾಳಿ ಎಳೆದುಕೊಂಡು ಡೀಸೆಲ್ ಟ್ಯಾಂಕಿಗೆ ವಾಪಸ್ ಜಾರಿರುತ್ತದೆ. ಫಿಲ್ಟರಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಕೈಪಂಪು ಒತ್ತಿ. ಆಮೇಲೂ ಏಳದಿದ್ದರೆ ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನೋಝಲ್‌ಗಳ ಪೈಪಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ, ಡೀಸೆಲ್ ಚಿಮ್ಮಿದ ಕೂಡಲೇ ಬಿಗಿ ಮಾಡಿ. ಕೈ ದೂರ ಇರಲಿ, ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ.

ಏರ್ ತೆಗೆದದ್ದು ಆ ದಿನಕ್ಕಾಯಿತು. ಗಾಳಿ ಬಂದ ಜಾಗ ಸಿಗಬೇಕಲ್ವಾ? ಪಂಪಿಗೆ ಹೋಗುವ ಪೈಪಿನ ನಡುವೆ ಗೇಣುದ್ದ ಪಾರದರ್ಶಕ ಪೈಪು ಸೇರಿಸಿ, ಬೆಳಿಗ್ಗೆ ಟಾರ್ಚ್ ಬಿಟ್ಟು ಗುಳ್ಳೆ ನೋಡಿ. ಹೆಚ್ಚಿನ ಸಲ ಕಳ್ಳ ಸಿಗುವುದು ಸವೆದ ತಾಮ್ರದ ವಾಷರಿನಲ್ಲಿ, ಇಲ್ಲವೇ ನೋಝಲ್‌ಗಳ ನಡುವಿನ ಬಟ್ಟೆ ಸುತ್ತಿದ ರಿಟರ್ನ್ ಪೈಪಿನಲ್ಲಿ.

ಪ್ಲಗ್ ಸರಿ, ಏರ್ ಇಲ್ಲ, ಆದರೂ ಬಿಳಿ ಹೊಗೆ ಮಾತ್ರ ಅಂದರೆ ಕಂಪ್ರೆಶನ್, ಅಂದರೆ ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ ಹೋಗಿರಬಹುದು. ಅದು ಗ್ಯಾರೇಜಿನ ಕೆಲಸ. ಅಲ್ಲಿಯ ತನಕ ಜೀಪನ್ನು ಇಳುಕಲಿನಲ್ಲೇ ನಿಲ್ಲಿಸಿ, ಉರುಳಿಸಿ ಎಬ್ಬಿಸಲು.