ಹಳೆಯ ಡಾಡ್ಜ್ ರ‍್ಯಾಮ್ ದಿಬ್ಬದಲ್ಲಿ ನಾಕ್ ಮಾಡುತ್ತಿದ್ದರೆ ಮೊದಲು ಇಂಟೇಕ್‌ನ ತಳ ನೋಡಿ

1994ರಿಂದ 2001ರವರೆಗಿನ ಡಾಡ್ಜ್ ರ‍್ಯಾಮ್ 1500 ಪಿಕಪ್‌ಗಳಲ್ಲಿ 5.2 ಅಥವಾ 5.9 ಲೀಟರ್ ಮ್ಯಾಗ್ನಮ್ ವಿ8 ಇಂಜಿನ್ ಇದ್ದರೆ ಈ ಬರಹ ನಿಮಗೆ. ದಿಬ್ಬ ಹತ್ತುವಾಗ, ಟ್ರೇಲರ್ ಎಳೆಯುವಾಗ ತಗಡಿನ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಬಂದು, ಆಕ್ಸಿಲರೇಟರ್ ಬಿಟ್ಟ ಕೂಡಲೇ ನಿಂತರೆ ಅದು ನಾಕಿಂಗ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಅಕಾಲದಲ್ಲಿ ತಾನಾಗಿ ಹೊತ್ತಿಕೊಳ್ಳುವುದು. ಇಂಜಿನ್ ತಣ್ಣಗಿದ್ದಾಗ ಟಿಕ್ ಟಿಕ್ ಎಂದು, ಬಿಸಿಯಾದ ಮೇಲೆ ಅಡಗುವ ಸದ್ದು ಬೇರೆ. ಅಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೋಲ್ಟ್ ಮುರಿದಿದೆಯೇ ನೋಡಿ.

ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ತಿರುಗಿಸಿ ಟೈಮಿಂಗ್ (ಕಿಡಿ ಹೊತ್ತುವ ಸಮಯ) ಹಿಂದಕ್ಕೆ ತರಲು ಮಾತ್ರ ಹೋಗಬೇಡಿ. ಇದರಲ್ಲಿ ಸ್ಪಾರ್ಕ್ ಟೈಮಿಂಗ್ ನಿರ್ಧರಿಸುವುದು ಕ್ರ್ಯಾಂಕ್ ಸೆನ್ಸರ್ ನೋಡಿಕೊಂಡು ಕಂಪ್ಯೂಟರ್. ತಿರುಗಿಸಿದರೆ ಫ್ಯೂಯಲ್ ಸಿಂಕ್ (ಪೆಟ್ರೋಲ್ ಚಿಮ್ಮುವ ಸಮಯದ ಹೊಂದಾಣಿಕೆ) ಕೆಡುತ್ತದೆ, ಅಷ್ಟೇ. ನಾಕ್ ಸೆನ್ಸರ್ ಕೂಡ ಇಲ್ಲದ ಇಂಜಿನ್ ಇದು, ತಾನಾಗಿ ಸರಿಮಾಡಿಕೊಳ್ಳುವುದಿಲ್ಲ. ಹಾಗೇ ಓಡಿಸಿದರೆ ಕೊನೆಗೆ ಪಿಸ್ಟನ್ನೇ ಒಡೆಯುತ್ತದೆ.

ಪೆಟ್ರೋಲ್ ವಿಚಾರ ಬೇಗ ಮುಗಿಸಿ. ಕೊಲರಾಡೋದಂಥ ಎತ್ತರದ ರಾಜ್ಯಗಳಲ್ಲಿ 85 ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಂಕ) ಪೆಟ್ರೋಲ್ ಮಾರುತ್ತಾರೆ. ಅದನ್ನು ಬಿಟ್ಟು 87 ಹಾಕಿ. 91 ಹಾಕಿದಾಗ ಸದ್ದು ನಿಂತರೂ ರೋಗ ಹೋಗಿಲ್ಲ, ಮುಚ್ಚಿಕೊಂಡಿದೆ.

ಈ ಇಂಜಿನ್‌ನ ನಿಜವಾದ ದೌರ್ಬಲ್ಯ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್‌ನ ತಳದಲ್ಲಿದೆ. ಮ್ಯಾನಿಫೋಲ್ಡ್ ಅಲ್ಯೂಮಿನಿಯಂ, ಅದರ ಅಡಿಗೆ ಮುಚ್ಚಿದ ಪ್ಲೇಟ್ ಉಕ್ಕು. ಬಿಸಿಗೆ ಎರಡೂ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ, ನಡುವಿನ ಗ್ಯಾಸ್ಕೆಟ್ ಹರಿಯುತ್ತದೆ. ಕೆಳಗಿನ ಎಣ್ಣೆಯನ್ನು ಇಂಟೇಕ್ ಎಳೆದುಕೊಳ್ಳುತ್ತದೆ. ಎಣ್ಣೆ ಬೆರೆತ ಪೆಟ್ರೋಲಿನ ಆಕ್ಟೇನ್ ಇಳಿಯುತ್ತದೆ, ಪಿಸ್ಟನ್ ತಲೆಯ ಮೇಲೆ ಕಾರ್ಬನ್ ಕಟ್ಟುತ್ತದೆ. ನಾಕಿಂಗ್ ಜೊತೆ ಎಣ್ಣೆಯೂ ಕಡಿಮೆಯಾಗುತ್ತಿದ್ದರೆ ಅನುಮಾನ ಇಲ್ಲಿಗೇ ಬರಬೇಕು.

ಪರೀಕ್ಷೆಗೆ ಇಂಜಿನ್ ಆಫ್ ಮಾಡಿ, ಏರ್ ಕ್ಲೀನರ್ ಕೊಳವೆ ಬಿಚ್ಚಿ, ಥ್ರಾಟಲ್ ತೆರೆದು ಹಿಡಿದು ಟಾರ್ಚ್ ಬಿಡಿ. ತಳ ಮಸಿಯಾಗಿ ಒಣಗಿದ್ದರೆ ಸರಿ. ಕಪ್ಪಗೆ ಹೊಳೆಯುವ ಎಣ್ಣೆ ಮಡುಗಟ್ಟಿದ್ದರೆ ಗ್ಯಾಸ್ಕೆಟ್ ಹೋಗಿದೆ. ಖಾತ್ರಿಗೆ ಪಿಸಿವಿ ವಾಲ್ವ್ (ಇಂಜಿನ್ ಒಳಗಿನ ಆವಿಯನ್ನು ಇಂಟೇಕ್‌ಗೆ ಕಳಿಸುವ ವಾಲ್ವ್) ಕಿತ್ತು ಅದರ ಹೋಸ್, ವಾಲ್ವ್ ಕವರ್‌ನ ತೂತು, ಆಚೆಯ ಬ್ರೀದರ್ ಎಲ್ಲ ಮುಚ್ಚಿ. ಐಡಲ್‌ನಲ್ಲಿ ಎಣ್ಣೆ ಹಾಕುವ ಬಾಯಿಯ ಮೇಲೆ ತೆಳು ಕಾಗದ ಇಡಿ. ಕಾಗದ ಮೇಲೇಳಬೇಕು, ಒಳಕ್ಕೆ ಅಂಟಿಕೊಂಡರೆ ಸೋರಿಕೆ ಖಚಿತ.

ರಿಪೇರಿಗೆ ಫ್ಯೂಯಲ್ ಪ್ರೆಶರ್ ಇಳಿಸಿ, ಬ್ಯಾಟರಿ ಬಿಚ್ಚಿ, ಕೂಲಂಟ್ ಹರಿಸಿ. ಡಿಸ್ಟ್ರಿಬ್ಯೂಟರ್ ಮತ್ತು ರೋಟರ್ ನಿಂತ ಜಾಗಕ್ಕೆ ಗುರುತು ಹಾಕಿ ತೆಗೆಯಿರಿ. ಆಮೇಲೆ ಕ್ರ್ಯಾಂಕ್ ತಿರುಗಿಸಬಾರದು. ಮ್ಯಾನಿಫೋಲ್ಡ್ ಎತ್ತಿ ಮಗುಚಿ. ಉಕ್ಕಿನ ಪ್ಲೇಟನ್ನೇ ಮತ್ತೆ ಹಾಕಿದರೆ ಅದೇ ಕಥೆ ಮರುಕಳಿಸುತ್ತದೆ, ದಪ್ಪ ಅಲ್ಯೂಮಿನಿಯಂ ಪ್ಲೇಟಿನ ಕಿಟ್ ತರಿಸಿ. ಜೋಡಿಸುವ ಮುನ್ನ ಬೋಲ್ಟ್‌ಗಳನ್ನು ಕೈಯಲ್ಲೇ ತಿರುಗಿಸಿ ನೋಡಿ: ತೂತಿನ ತಳ ತಾಗುವ ಬೋಲ್ಟ್ ಬಿಗಿಯಾದಂತೆ ಅನಿಸುತ್ತದೆ, ಪ್ಲೇಟನ್ನು ಒತ್ತಿರುವುದಿಲ್ಲ. ಮ್ಯಾನಿಫೋಲ್ಡನ್ನು ಕೂರಿಸುವಾಗ ನಾಲ್ಕು ಮೂಲೆಗಳಿಗೆ ಆರ್‌ಟಿವಿ (ಸಿಲಿಕೋನ್ ಸೀಲಂಟ್) ಹಚ್ಚಿ, ಮೊದಲ ಸುತ್ತು 72 ಇಂಚು-ಪೌಂಡ್, ಕೊನೆಗೆ 12 ಅಡಿ-ಪೌಂಡ್. ಕೂಲಂಟ್ ಕೆಳಗೆ ತೊಟ್ಟಿಕ್ಕಿರುತ್ತದೆ, ಆದ್ದರಿಂದ ಸ್ಟಾರ್ಟ್ ಮಾಡುವ ಮೊದಲೇ ಎಣ್ಣೆ, ಫಿಲ್ಟರ್ ಬದಲಿಸಿ.

ಕಟ್ಟಿದ ಕಾರ್ಬನ್ ಗ್ಯಾಸ್ಕೆಟ್ ಹಾಕಿದ ಮಾತ್ರಕ್ಕೆ ಹೋಗದು. ಕಂಬಶ್ಚನ್ ಚೇಂಬರ್ ಕ್ಲೀನರ್ ಅನ್ನು ಬಿಸಿ ಇಂಜಿನ್‌ಗೆ ಥ್ರಾಟಲ್ ಬಾಡಿ ಮೂಲಕ ಕೊಟ್ಟು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ನೆನೆಯಲು ಬಿಟ್ಟು ಹೆದ್ದಾರಿಯಲ್ಲಿ ಓಡಿಸಿ. ನಂತರ 0.040 ಇಂಚು ಗ್ಯಾಪ್ ಇಟ್ಟ ಹೊಸ ಪ್ಲಗ್ ಹಾಕಿ. ಹಳೆ ಪ್ಲಗ್ ಎಸೆಯಬೇಡಿ, ಬಿಳಿ ಪಿಂಗಾಣಿಯನ್ನು ಬೆಳಕಿಗೆ ಹಿಡಿಯಿರಿ: ಮೆಣಸಿನ ಪುಡಿ ಚೆಲ್ಲಿದಂಥ ಚುಕ್ಕೆಗಳು ನಾಕಿಂಗ್‌ನ ಗುರುತು. ಬೆಳ್ಳಿ ಬಣ್ಣದ ಮಿನುಗು ಕಂಡರೆ ಅದು ಪಿಸ್ಟನ್‌ನ ಅಲ್ಯೂಮಿನಿಯಂ, ಆ ಸಿಲಿಂಡರಿನ ಕಂಪ್ರೆಶನ್ ಅಳೆಸಿ.

ಇಂಟೇಕ್ ಒಣಗಿದ್ದೂ ಸದ್ದು ಬರುತ್ತಿದ್ದರೆ ಪ್ಲಗ್ ವೈರ್ ನೋಡಿ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಹೊತ್ತುವ ಸರದಿ) 1-8-4-3-6-5-7-2. ಅಕ್ಕಪಕ್ಕದ 5, 7 ಒಂದರ ಹಿಂದೊಂದು ಹೊತ್ತುತ್ತವೆ. ಅವುಗಳ ವೈರ್ ತಾಗಿಕೊಂಡು ಸಾಗಿದರೆ 5ರ ಕಿಡಿ 7ರಲ್ಲೂ ಅಕಾಲದಲ್ಲಿ ಹುಟ್ಟುತ್ತದೆ. ಬೇರೆ ಬೇರೆ ದಾರಿಯಲ್ಲಿ ಕ್ಲಿಪ್ ಹಾಕಿ ಬಿಡಿಸಿಡಿ.