ಗ್ಯಾಲರಿ ಆಮೇಲೆ ನೋಡೋಣ, ಮೊದಲು ಮಕ್ಕಳು ಮಲಗುವ ಜಾಗ ತೋರಿಸಿ

ರಾಷ್ಟ್ರಮಟ್ಟದ ಕೂಟಕ್ಕೆ ಜಾಗ ನೋಡಲು ಹೋದವರನ್ನು ಆತಿಥೇಯರು ಮೊದಲು ಕರೆದೊಯ್ಯುವುದು ಗಣ್ಯರು ಕೂರುವ ಗ್ಯಾಲರಿಗೆ. ಕುರ್ಚಿ, ಶಾಮಿಯಾನ, ಉದ್ಘಾಟನೆಯ ವೇದಿಕೆ, ಪಥಸಂಚಲನ ಯಾವ ಕಡೆಯಿಂದ ಬರುತ್ತದೆ, ಎಲ್ಲವನ್ನೂ ಪ್ರೀತಿಯಿಂದ ವಿವರಿಸುತ್ತಾರೆ. ನಾನು ಕೇಳುವ ಮೊದಲ ಪ್ರಶ್ನೆ ಬೇರೆ: ಓಡುವ ಮಕ್ಕಳು ರಾತ್ರಿ ಎಲ್ಲಿ ಮಲಗುತ್ತಾರೆ, ಬೆಳಿಗ್ಗೆ ಅಲ್ಲಿಂದ ಇಲ್ಲಿಗೆ ಹೇಗೆ ಬರುತ್ತಾರೆ?

ಈ ಪ್ರಶ್ನೆ ನನಗೆ ಅಂಟಿಕೊಂಡದ್ದಕ್ಕೆ ಕಾರಣವಿದೆ. ಮಂಡ್ಯದ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿ ಇಪ್ಪತ್ತು ವರ್ಷ ದಾಟಿದೆ. ಆರಂಭದ ವರ್ಷಗಳಲ್ಲಿ ಮಳವಳ್ಳಿ ಕಡೆಯ ಒಬ್ಬ ಹುಡುಗಿ ನಮ್ಮಲ್ಲಿದ್ದಳು. ತ್ರಿವಿಧ ಜಿಗಿತದವಳು. ನಮ್ಮ ಗ್ರೌಂಡಿನ ಮರಳಿನ ಗುಂಡಿಯಲ್ಲಿ ಎರಡು ವರ್ಷ ಬೆವರು ಸುರಿಸಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದಳು. ಕೂಟ ಹೊರರಾಜ್ಯದಲ್ಲಿ. ಉಳಿಯುವ ವ್ಯವಸ್ಥೆ ಕ್ರೀಡಾಂಗಣದಿಂದ 14 ಕಿಲೋಮೀಟರ್ ದೂರದ ಶಾಲೆಯೊಂದರಲ್ಲಿ, ನೆಲದ ಮೇಲೆ ಜಮಖಾನ. ಬೆಳಿಗ್ಗೆ 6ಕ್ಕೆ ಬರಬೇಕಿದ್ದ ಬಸ್ಸು ಬಂದದ್ದು 8 ದಾಟಿದ ಮೇಲೆ. ನಾವು ತಲುಪುವಷ್ಟರಲ್ಲಿ, ಸ್ಪರ್ಧೆಗೆ ಮೊದಲು ಹಾಜರಿ ಹಾಕಬೇಕಾದ ಕಾಲ್ ರೂಮ್ ಮುಚ್ಚಿತ್ತು. ತನ್ನ ಸ್ಪರ್ಧೆಯನ್ನು ಅವಳು ತಂತಿಬೇಲಿಯ ಹೊರಗೆ ನಿಂತು ನೋಡಿದಳು. ಮೊಳೆಯ ಶೂ, ಅಂದರೆ ಸ್ಪೈಕ್ಸ್, ಚೀಲದಿಂದ ಹೊರಗೇ ಬರಲಿಲ್ಲ. ಫಲಿತಾಂಶದ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಡಿ.ಎನ್.ಎಸ್. ಎಂಬ ಮೂರು ಅಕ್ಷರ, ಅಂದರೆ ಸ್ಪರ್ಧೆಗೇ ಇಳಿಯಲಿಲ್ಲ ಎಂದು. ಆ ಕ್ರೀಡಾಂಗಣದ ಟ್ರ್ಯಾಕ್ ಮಾತ್ರ ಬಹಳ ಚೆನ್ನಾಗಿತ್ತು.

ಹೀಗಾಗಿ, ಕೆಲವು ವರ್ಷಗಳ ಹಿಂದೆ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟಕ್ಕೆ ಜಾಗ ನೋಡಿ ವರದಿ ಕೊಡುವ ನಾಲ್ವರ ತಂಡಕ್ಕೆ ನನ್ನನ್ನು ಸೇರಿಸಿದಾಗ, ಏನು ನೋಡಬೇಕು ಎಂಬುದು ಅರ್ಧ ನಿರ್ಧಾರವಾಗಿಯೇ ಇತ್ತು. ನೋಡಬೇಕಿದ್ದದ್ದು ಮೂರು ಜಾಗ: ದೊಡ್ಡ ನಗರದ ಒಂದು ಕ್ರೀಡಾಂಗಣ, ಒಂದು ಜಿಲ್ಲಾ ಕ್ರೀಡಾಂಗಣ, ಒಂದು ಕಾಲೇಜಿನ ಆವರಣದ ಮೈದಾನ. ಕೂಟಕ್ಕೆ ಉಳಿದಿದ್ದದ್ದು ಹತ್ತು ವಾರ.

ಹೊರಡುವ ಮೊದಲು ಮೈಸೂರಿನ ಗೆಳೆಯರೊಬ್ಬರೂ ನಾನೂ ಒಂದು ಭಾನುವಾರ ನಸುಕಿನಲ್ಲೇ ಚಾಮುಂಡಿ ವಿಹಾರ ಕ್ರೀಡಾಂಗಣಕ್ಕೆ ಹೋದೆವು. ದಸರಾ ಕ್ರೀಡಾಕೂಟಕ್ಕೆ ಎಷ್ಟೋ ಸಲ ಮಕ್ಕಳನ್ನು ಕರೆದುಕೊಂಡು ಹೋದ ಜಾಗ ಅದು, ಆದರೆ ಟೇಪು ಹಿಡಿದು ಹೋದದ್ದು ಅದೇ ಮೊದಲು. ಕಣ್ಣು ಪಳಗಿಸಿಕೊಳ್ಳುವುದಷ್ಟೇ ಉದ್ದೇಶ. ಮಾನಕ 400 ಮೀಟರ್ ಟ್ರ್ಯಾಕಿನಲ್ಲಿ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.50 ಮೀಟರ್, ಪ್ರತಿ ಲೇನಿನ ಅಗಲ 1.22 ಮೀಟರ್. ಒಳಗಿನ ಕಟ್ಟೆಯಿಂದ 30 ಸೆಂಟಿಮೀಟರ್ ಹೊರಗೆ ಅಳೆದರೆ 400 ಮೀಟರ್ ಬರಬೇಕು. ಉಳಿದ ಲೇನುಗಳನ್ನು ಒಳಗೆರೆಯಿಂದ 20 ಸೆಂಟಿಮೀಟರ್ ಬಿಟ್ಟು ಅಳೆಯುತ್ತಾರೆ. ಈ ಅಂಕಿಗಳು ಬಾಯಿಪಾಠವಾಗಿದ್ದರೂ, ಬೆಳಿಗ್ಗೆ ವಾಕಿಂಗ್ ಬಂದವರ ನಡುವೆ ಮೊಣಕಾಲೂರಿ ಕೂತು ಟೇಪಿನ ತುದಿ ಹಿಡಿದಾಗಲೇ ಒಂದೊಂದು ಸೆಂಟಿಮೀಟರಿನ ಬೆಲೆ ತಿಳಿಯುವುದು.

ಅಳತೆಯ ಪ್ರಮಾಣಪತ್ರ ಮೂರೂ ಕಡೆ ಇತ್ತು. ಪ್ರಮಾಣಪತ್ರ ಹೇಳುವುದು ಹಾಸಿದ ದಿನದ ಕಥೆ. ನಮಗೆ ಬೇಕಾಗಿದ್ದದ್ದು ಈಗಿನ ಸ್ಥಿತಿ. ಸಿಂಥೆಟಿಕ್ ಹಾಸು ಸಾಮಾನ್ಯವಾಗಿ 13 ಮಿಲಿಮೀಟರ್ ಆಸುಪಾಸು ದಪ್ಪ ಇರುತ್ತದೆ, ಓಟದ ಸ್ಪೈಕ್ಸಿನ ಮೊಳೆ ಹೆಚ್ಚೆಂದರೆ 9 ಮಿಲಿಮೀಟರ್. ಹಾಸು ಸವೆದ ಕಡೆ ಮೊಳೆ ಕೆಳಗಿನ ಡಾಂಬರಿಗೇ ತಾಗುತ್ತದೆ. ಎಲ್ಲಕ್ಕಿಂತ ಮೊದಲು ಸವೆಯುವುದು ಒಂದನೇ ಲೇನು, ಯಾಕೆಂದರೆ ದಿನವೂ ಎಲ್ಲರೂ ಓಡುವುದು ಅಲ್ಲೇ. ದೂರದ ಓಟಗಳು ನಡೆಯುವುದೂ ಅಲ್ಲೇ. 10,000 ಮೀಟರ್ ಎಂದರೆ 25 ಸುತ್ತು.

ಜಿಲ್ಲಾ ಕ್ರೀಡಾಂಗಣದಲ್ಲಿ ನಾವು ಮಾಡಿದ ಪರೀಕ್ಷೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾರು ಬೇಕಾದರೂ ಮಾಡಬಹುದು. ಟ್ರ್ಯಾಕಿನ ಮೇಲೆ ಪೂರ್ತಿ ನೀರು ನಿಲ್ಲಿಸಿ ಇಪ್ಪತ್ತು ನಿಮಿಷ ಬಿಟ್ಟರೆ, ಹಾಸಿನ ತರಿಗಳು ಮುಳುಗುವಷ್ಟು ನೀರು ಎಲ್ಲೂ ಉಳಿಯಬಾರದು ಎಂಬುದು ನಿಯಮ. ಒಂದು ನೀರಿನ ಟ್ಯಾಂಕರ್ ತರಿಸಿದೆವು. ಎರಡನೇ ತಿರುವಿನಿಂದ ಹಿಡಿದು ಹಿಂಬದಿಯ ನೇರದವರೆಗೆ ಒಳಗಿನ ಎರಡು ಲೇನುಗಳಿಗೆ ನೀರು ಬಿಟ್ಟು, ಗಡಿಯಾರ ನೋಡುತ್ತಾ ಕೂತೆವು. ಹತ್ತು ನಿಮಿಷಕ್ಕೆ ಹೊರಗಿನ ಲೇನು ಒಣಗಿದ ಬಣ್ಣಕ್ಕೆ ತಿರುಗಿತು. ಇಪ್ಪತ್ತು ನಿಮಿಷ ಕಳೆದರೂ ಒಂದನೇ ಲೇನಿನಲ್ಲಿ ಬಾಳೆಲೆಯಷ್ಟಗಲದ ಮೂರು ಜಾಗಗಳಲ್ಲಿ ನೀರು ಹೊಳೆಯುತ್ತಿತ್ತು. ಗಾರೆ ಕೆಲಸದವರು ನೆಲ ಮಟ್ಟ ಮಾಡಲು ಬಳಸುವ ನಾಲ್ಕು ಮೀಟರಿನ ಅಲ್ಯೂಮಿನಿಯಂ ಪಟ್ಟಿಯನ್ನು ಅಡ್ಡ ಇಟ್ಟು ನೋಡಿದೆ. ಅದರ ಕೆಳಗೆ 6 ಮಿಲಿಮೀಟರಿಗಿಂತ ಹೆಚ್ಚು ತಗ್ಗಿರಬಾರದು. ನನ್ನ ಕಿರುಬೆರಳು ಸಲೀಸಾಗಿ ಒಳಗೆ ಹೋಯಿತು. ಪಕ್ಕದಲ್ಲಿದ್ದ ಅಲ್ಲಿನ ಹಿರಿಯ ಕೋಚ್ ಒಬ್ಬರು ಏನೂ ಹೇಳದೆ ಟವೆಲ್ ತಂದು ಆ ನೀರನ್ನು ಒರೆಸತೊಡಗಿದರು. ಅವರ ಮೈದಾನದ ಮೇಲೆ ಅವರಿಗಿದ್ದ ಅಭಿಮಾನ ನೋಡಿ ನನ್ನ ಗಂಟಲು ಕಟ್ಟಿತು. ಆದರೂ ವರದಿಯಲ್ಲಿ ಕಂಡದ್ದನ್ನೇ ಬರೆಯಬೇಕಾಯಿತು. ಒದ್ದೆ ತಗ್ಗಿನಲ್ಲಿ 400 ಮೀಟರ್ ಹರ್ಡಲ್ಸ್ ಓಡುವವನ ಕಾಲು ಜಾರಿದರೆ ಅಭಿಮಾನ ಅವನನ್ನು ಎತ್ತಿ ನಿಲ್ಲಿಸುವುದಿಲ್ಲ.

ದೊಡ್ಡ ನಗರದ ಕ್ರೀಡಾಂಗಣದ ಟ್ರ್ಯಾಕಿನಲ್ಲಿ ಹೆಸರಿಡುವುದಕ್ಕೆ ಏನೂ ಇರಲಿಲ್ಲ. ಕ್ಯಾಮೆರಾ ಇಡಲು ಅಂತಿಮ ಗೆರೆಯ ನೇರಕ್ಕೆ ಎತ್ತರದ ಕೋಣೆ, ಅದಕ್ಕೆ ಬೇರೆಯದೇ ವಿದ್ಯುತ್ ಸಂಪರ್ಕ, ಉದ್ದೀಪನ ಮದ್ದಿನ ಪರೀಕ್ಷೆಗೆ ಶೌಚಾಲಯ ಹೊಂದಿಕೊಂಡಿದ್ದ ಎರಡು ಕೋಣೆ, ಎಲ್ಲವೂ ಇತ್ತು. ಆದರೆ ನಡುವಿನ ಮೈದಾನಕ್ಕೆ ಫುಟ್ಬಾಲಿಗಾಗಿ ಕೃತಕ ಹುಲ್ಲು ಹಾಸಿದ್ದರು. ಕೃತಕ ಹುಲ್ಲಿನ ಮೇಲೆ ತಂತಿಗೆ ಕಟ್ಟಿದ ಲೋಹದ ಗುಂಡು, ಅಂದರೆ ಹ್ಯಾಮರ್, ಬಿದ್ದರೆ ಹಾಸು ಹರಿಯುತ್ತದೆ, ಜಾವೆಲಿನ್ ಚುಚ್ಚಿ ನಿಲ್ಲುವುದಿಲ್ಲ. ಎಸೆತಗಳನ್ನೆಲ್ಲ ಆರು ಕಿಲೋಮೀಟರ್ ದೂರದ ಇನ್ನೊಂದು ಮೈದಾನಕ್ಕೆ ಹಾಕುತ್ತೇವೆ ಎಂದರು. ತಂಡದಲ್ಲಿ ಇಬ್ಬರು ಒಪ್ಪಿಯೂಬಿಟ್ಟಿದ್ದರು. ನಾನು ಒಪ್ಪಲಿಲ್ಲ.

ಎಸೆಯುವವರನ್ನು ಕೂಟದಿಂದ ಹೊರಗೆ ಕಳಿಸುವುದು ನನ್ನ ಮಟ್ಟಿಗೆ ಅನ್ಯಾಯ. ನಮ್ಮ ಮೈಸೂರಿನಲ್ಲೇ ಹುಟ್ಟಿದ ವಿಕಾಸ್ ಗೌಡ ಡಿಸ್ಕಸ್ ಎಸೆತಗಾರ. ಅಮೆರಿಕದಲ್ಲಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಪರವಾಗಿ 2006ರಲ್ಲಿ ಅಲ್ಲಿನ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಆದವರು, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದವರು. ಅಂಥ ಎಸೆತವನ್ನು ಜನ ತುಂಬಿದ ಕ್ರೀಡಾಂಗಣದಲ್ಲಿ ನೋಡಿದ ಹುಡುಗನೊಬ್ಬ ಡಿಸ್ಕಸ್ ಕೈಗೆತ್ತಿಕೊಳ್ಳಬಹುದು. ಬೇಲಿಯಿಲ್ಲದ ಇನ್ನೊಂದು ಮೈದಾನದಲ್ಲಿ ಆರು ಜನ ಅಧಿಕಾರಿಗಳ ಮುಂದೆ ನಡೆದರೆ ಯಾರು ನೋಡುತ್ತಾರೆ?

ಅಮೆರಿಕದ ಆ ಕಾಲೇಜು ಕೂಟದ ಮಾತು ಬಂದದ್ದರಿಂದ ಹೇಳುತ್ತೇನೆ. ಅದನ್ನು ನಡೆಸುವ ಎನ್.ಸಿ.ಎ.ಎ. ಸಂಸ್ಥೆ ಆತಿಥ್ಯ ಯಾರಿಗೆ ಎಂಬುದನ್ನು ಹಲವು ವರ್ಷ ಮೊದಲೇ ತಿಳಿಸುತ್ತದೆ. ಒರೆಗಾನ್ ರಾಜ್ಯದ ಯೂಜೀನ್ ಊರಿನ ಹೇವರ್ಡ್ ಫೀಲ್ಡ್‌ನಲ್ಲಿ 2013ರಿಂದ 2018ರವರೆಗೆ ಸತತ ಆರು ವರ್ಷ ಆ ಕೂಟ ನಡೆಯಿತು. ಆಮೇಲೆ ಕ್ರೀಡಾಂಗಣವನ್ನು ಕೆಡವಿ ಹೊಸದಾಗಿ ಕಟ್ಟಿದರು, 2022ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕೂಡ ಅಲ್ಲೇ ಆಯಿತು. ಅಲ್ಲಿ ದೇಶವನ್ನು ಪೂರ್ವ, ಪಶ್ಚಿಮ ಎಂದು ಎರಡು ಮಾಡಿ, ಬಹುತೇಕ ವೈಯಕ್ತಿಕ ಸ್ಪರ್ಧೆಗಳಲ್ಲಿ ಒಂದೊಂದಕ್ಕೆ ಪ್ರತಿ ಭಾಗದಿಂದ 48 ಮಂದಿಯನ್ನು ಓಡಿಸಿ, ತಲಾ 12 ಮಂದಿಯನ್ನಷ್ಟೇ ಕೊನೆಯ ಕೂಟಕ್ಕೆ ಕರೆಯುತ್ತಾರೆ. ಒಂದು ಸ್ಪರ್ಧೆಗೆ 24 ಜನ ಎಂಬುದು ಮೊದಲೇ ಗೊತ್ತು. ನಾನು ಕಂಡ ನಮ್ಮ ಕೂಟಗಳಲ್ಲಿ ಪಂಜಾಬಿನಿಂದ ಮಣಿಪುರದವರೆಗಿನ ತಂಡಗಳು ನೇರವಾಗಿ ಒಂದೇ ಜಾಗಕ್ಕೆ ಬಂದಿಳಿಯುತ್ತವೆ. 100 ಮೀಟರಿನ ಹೀಟ್ಸ್, ಅಂದರೆ ಮೊದಲ ಸುತ್ತಿನ ಓಟಗಳು, ಒಂದೇ ಅರ್ಧ ದಿನ ತಿನ್ನುತ್ತದೆ. ಹಾಗಾಗಿ ಅವರಿಗಿಂತ ನಮಗೇ ಹಾಸಿಗೆ, ನೀರು, ಅಡುಗೆ, ವಾರ್ಮಪ್ ಜಾಗ ಹೆಚ್ಚು ಬೇಕು. ಮೂಡುಬಿದಿರೆಯಂಥ ಸಣ್ಣ ಊರಿಗೆ ಅಂತರ ವಿ.ವಿ. ಕೂಟಗಳು ಮತ್ತೆ ಮತ್ತೆ ಹೋಗಿರುವುದರ ಹಿಂದೆ ಈ ಲೆಕ್ಕವೇ ಇದೆ ಎಂದು ನಾನು ತಿಳಿದಿದ್ದೇನೆ. ಊರು ಸಣ್ಣದಾದರೂ ಹಾಸ್ಟೆಲುಗಳು ದೊಡ್ಡವು, ಮೈದಾನ ಹತ್ತಿರ.

ಕೊನೆಗೆ ನೋಡಿದ್ದು ಕಾಲೇಜಿನ ಆವರಣ. ಗ್ಯಾಲರಿ ಅಂದರೆ ಒಂದು ಬದಿಯ ಸಿಮೆಂಟ್ ಮೆಟ್ಟಿಲು, ಅಷ್ಟೆ. ಹಿಂದಿನ ಎರಡು ಕಡೆ ಕಲಿತ ಬುದ್ಧಿಯಿಂದ ಅಲ್ಲಿ ಹಿಂದಿನ ಸಂಜೆಯೇ ಹೋಗಿ ಹಾಸ್ಟೆಲಿನಲ್ಲಿ ಮಲಗಿದೆವು. ಬೆಳಿಗ್ಗೆ 5ಕ್ಕೆ ಎದ್ದು ಸ್ನಾನಕ್ಕೆ ನಿಂತೆವು, ಆರನೇ ಬಕೆಟಿಗೂ ನೀರಿನ ಒತ್ತಡ ಇಳಿಯಲಿಲ್ಲ. ಊಟದ ಮನೆಯಲ್ಲಿ ಗಂಟೆಗೆ ಎಷ್ಟು ಚಪಾತಿ ಆಗುತ್ತದೆ, ಮೊಟ್ಟೆ ಎಷ್ಟು ಹೊತ್ತಿಗೆ ಸಿಗುತ್ತದೆ ಎಂದು ಅಡುಗೆಯವರನ್ನೇ ಕೇಳಿದೆವು. ಉತ್ತರದ ಮಕ್ಕಳಿಗೆ ಮೂರು ಹೊತ್ತೂ ಅನ್ನ ಕೊಟ್ಟರೆ ಎರಡನೇ ದಿನಕ್ಕೆ ಕಾಲು ಏಳುವುದಿಲ್ಲ. ಆಮೇಲೆ ಭುಜಕ್ಕೆ ಕಿಟ್ ಹಾಕಿಕೊಂಡು ಹಾಸ್ಟೆಲಿನಿಂದ ನಡೆದೆವು. ವಾರ್ಮಪ್‌ಗೆ ಇಟ್ಟ ಮಣ್ಣಿನ ಮೈದಾನಕ್ಕೆ ಎಂಟು ನಿಮಿಷ, ಅಲ್ಲಿಂದ ಹಿಂಬದಿ ಗೇಟಿನ ಮೂಲಕ ಕಾಲ್ ರೂಮಿಗೆ ಎರಡೂವರೆ ನಿಮಿಷ. ಅಳೆದು ಬರೆದುಕೊಂಡೆ. ಮಳವಳ್ಳಿಯ ಆ ಹುಡುಗಿ ಇದ್ದಿದ್ದರೆ ಬಸ್ಸಿಗೆ ಕಾಯುವ ಮಾತೇ ಇರುತ್ತಿರಲಿಲ್ಲ.

ಟ್ಯಾಂಕರ್ ಪರೀಕ್ಷೆಯಲ್ಲಿ ಟ್ರ್ಯಾಕ್ ಪಾಸಾಯಿತು. ಜಿಗಿತದ ಓಟದ ದಾರಿಯ ಪಕ್ಕ ಎರಡು ದಿನ ಬಾವುಟದ ಬಟ್ಟೆ ಕಟ್ಟಿ ಗಾಳಿ ನೋಡಿದೆವು. ಸೆಕೆಂಡಿಗೆ 2 ಮೀಟರಿಗಿಂತ ಹೆಚ್ಚು ಹಿಂಗಾಳಿ ಇದ್ದರೆ ದಾಖಲೆ ನಿಲ್ಲುವುದಿಲ್ಲವಲ್ಲ, ಅದಕ್ಕೆ. ಸಂಜೆ 4:30ಕ್ಕೆ ನಾನೇ ಹೈಜಂಪ್ ಜಾಗದಲ್ಲಿ ಓಡಿ ನೋಡಿದೆ. ಬಿಸಿಲು ನೇರ ಕಣ್ಣಿಗೆ. ಹೈಜಂಪನ್ನು ಬೆಳಗಿನ ಪಟ್ಟಿಗೆ ಸೇರಿಸಬೇಕೆಂದು ಬರೆದೆವು.

ಸೋತದ್ದು ಹ್ಯಾಮರ್ ಪಂಜರ, ಎಸೆಯುವ ಜಾಗದ ಸುತ್ತ ಕಟ್ಟುವ ಬಲೆ. ಪುರುಷರ ಹ್ಯಾಮರ್ ತೂಕ 7.26 ಕಿಲೋ. ಸೆಕೆಂಡಿಗೆ 32 ಮೀಟರ್ ವೇಗದಲ್ಲಿ ಬರುವ ಅಂಥ ಗುಂಡನ್ನು ಬಲೆ ತಡೆದು ನಿಲ್ಲಿಸಬೇಕು. ಬಲೆ ಎಲ್ಲೂ 7 ಮೀಟರಿಗಿಂತ ಕಡಿಮೆ ಎತ್ತರ ಇರಬಾರದು, ಮುಂದಿನ ಬಾಗಿಲುಗಳ ಹತ್ತಿರ 10 ಮೀಟರ್. ಅಲ್ಲಿದ್ದದ್ದು ಡಿಸ್ಕಸ್‌ಗೆ ಕಟ್ಟಿದ ಹಳೆಯ ಬಲೆ, ಬಿಸಿಲಿಗೆ ಒಣಗಿ ಹುರಿ ಕೈಯಲ್ಲೇ ಪುಡಿಯಾಗುತ್ತಿತ್ತು. ಒಂದು ತುಂಡು ಕಿತ್ತು ಪ್ರಾಂಶುಪಾಲರ ಮೇಜಿನ ಮೇಲೆ ಇಟ್ಟೆ. "ಇದು ಬದಲಾಗದಿದ್ದರೆ ನಮ್ಮ ಸಹಿ ಇಲ್ಲ" ಎಂದೆ. ಅವರು ಆ ತುಂಡನ್ನು ಎರಡು ಸಲ ಎಳೆದು ನೋಡಿ, ಅಲ್ಲೇ ಫೋನ್ ಎತ್ತಿಕೊಂಡರು. ಐದು ವಾರದಲ್ಲಿ ಹೊಸ ಪಂಜರ ನಿಂತಿತು. ಟೇಪು ಹಿಡಿದು ಮತ್ತೆ ಹೋಗಿ ಅಳೆದು ಬಂದೆ.

ಕಾಲೇಜಿನ ಆವರಣವನ್ನೇ ಶಿಫಾರಸು ಮಾಡಿದೆವು. ಗಣ್ಯರಿಗೆ ಗ್ಯಾಲರಿ ಸಾಲದು ಎಂಬ ಆಕ್ಷೇಪ ಬಂತು, ಶಾಮಿಯಾನದಲ್ಲಿ ಸರಿಹೋಯಿತು. ಕೂಟ ನಡೆಯಿತು, ಹ್ಯಾಮರ್ ಎಸೆತ ಮುಖ್ಯ ಮೈದಾನದಲ್ಲೇ ಆಯಿತು, ಮೆಟ್ಟಿಲ ತುಂಬ ಹುಡುಗರು ಕೂತು ಕೂಗುತ್ತಿದ್ದರು.

ಆದರೆ ಉದ್ಘಾಟನೆಯ ದಿನ ಭದ್ರತೆಯ ಕಾರಣಕ್ಕೆ ಹಿಂಬದಿ ಗೇಟಿಗೆ ಬೀಗ ಹಾಕಿದ್ದರು. ನಾನು ಗಡಿಯಾರ ಹಿಡಿದು ಅಳೆದ ಎರಡೂವರೆ ನಿಮಿಷದ ದಾರಿ ಅದೇ. 1,500 ಮೀಟರ್ ಹೀಟ್ಸಿನ ಹುಡುಗಿಯರು ವಾರ್ಮಪ್ ಮುಗಿಸಿ ಬೆವರುತ್ತಾ ಗೇಟಿನ ಮುಂದೆ ನಿಂತಿದ್ದರು. ಮುಖ್ಯದ್ವಾರಕ್ಕೆ ಸುತ್ತಿ ಬರಲು ಒಂದು ಕಿಲೋಮೀಟರ್. ಕೀಲಿ ಯಾರ ಹತ್ತಿರ ಎಂದು ಯಾರಿಗೂ ಗೊತ್ತಿಲ್ಲ. ಕಾಲ್ ರೂಮಿನವರಿಗೆ ಹೇಳಿ ಹದಿನೈದು ನಿಮಿಷ ಮುಂದೂಡಿಸಿದೆ, ಅಷ್ಟರಲ್ಲಿ ತೋಟದ ಕೆಲಸದವರೊಬ್ಬರು ಕೀಲಿ ತಂದರು. ಯಾರೂ ಹೊರಗೆ ಉಳಿಯಲಿಲ್ಲ.

ಈಗ ಜಾಗ ನೋಡಲು ಹೋದಾಗ ಟೇಪು, ಅಲ್ಯೂಮಿನಿಯಂ ಪಟ್ಟಿಯ ಜೊತೆ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳುತ್ತೇನೆ. ಪ್ರತಿ ಗೇಟಿನ ಮುಂದೆ ನಿಂತು, ಇದರ ಕೀಲಿ ಯಾರ ಹತ್ತಿರ ಇರುತ್ತದೆ, ಅವರು ರಜೆಯಲ್ಲಿದ್ದರೆ ಯಾರ ಹತ್ತಿರ ಎಂದು ಕೇಳಿ, ಇಬ್ಬರ ಹೆಸರನ್ನೂ ಬರೆದುಕೊಳ್ಳುತ್ತೇನೆ.